ಫ್ಯಾನಿನ ಸದ್ದು ಕಾಯುತ್ತಿದ್ದವಳು

ಡೆಂಕಣಿಕೋಟೆಯಲ್ಲಿ ಶ್ಯಾಮಲಮ್ಮನ ರಾಗಿ ಮಿಲ್ಲಿಗೆ ಅಂಟಿಕೊಂಡ ತಗಡಿನ ಮನೆಯೊಳಗೆ ಚಂದ್ರಲೇಖಾ ಕೆಲಸಕ್ಕೆ ಕೂತಿದ್ದರೆ, ಬೀದಿಯಲ್ಲಿ ಹೋಗುವವರಿಗೆ ಅವಳು ಸುಮ್ಮನೆ ಕೂತ ಹಾಗೇ ಕಾಣುತ್ತಿತ್ತು. ಕೈ ಮಡಿಲಲ್ಲಿ, ಮುಖ ಗೋಡೆ ಕಡೆ. ಕಣ್ಣಿಲ್ಲದವಳು ಇನ್ನೇನು ಮಾಡಿಯಾಳು ಪಾಪ ಅಂತ ಲೊಚಗುಟ್ಟಿಕೊಂಡು ಹೋಗುತ್ತಿದ್ದರು. ಅವಳು ಕಂಪ್ಯೂಟರ್ ಕಾಯುತ್ತಿದ್ದಳು.

ಗಂಡ ವಾಸು ಮದುವೆ ವಿಡಿಯೋ ತೆಗೆಯುವವನು. ತೆಗೆದದ್ದನ್ನು ಮನೆಯ ಕಂಪ್ಯೂಟರಿಗೆ ತುಂಬಿ, ಕತ್ತರಿಸಿ, ಹಾಡು ಸೇರಿಸಿ, ಕೊನೆಗೆ ಎಲ್ಲವನ್ನೂ ಒಂದೇ ಫಿಲಂ ಮಾಡಲು ಯಂತ್ರಕ್ಕೆ ಒಪ್ಪಿಸಿ ಮುಂದಿನ ಮದುವೆಗೆ ಹೊರಟುಬಿಡುತ್ತಿದ್ದ. ಆಮೇಲೆ ಯಂತ್ರ ಒಂಟಿಯಾಗಿ ಗಂಟೆಗಟ್ಟಲೆ ದುಡಿಯಬೇಕು. ದುಡಿದಷ್ಟೂ ಅದರ ಪ್ರೊಸೆಸರ್ ಕಾಯುತ್ತದೆ. ಕಾದದ್ದನ್ನು ಆರಿಸಲು ಮೇಲೊಂದು ಲೋಹದ ತಗಡುಗಳ ಗೂಡು, ಅದಕ್ಕೊಂದು ಫ್ಯಾನು. ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ, ಪಕ್ಕದ ಮಿಲ್ಲಿಂದ ತೂರಿ ಬರುವ ರಾಗಿ ಹಿಟ್ಟು ಆ ಗೂಡಿನ ಸಂದಿಗೆಲ್ಲ ಮೆತ್ತಿಕೊಂಡರೆ ಫ್ಯಾನು ಏನು ತಾನೇ ಮಾಡೀತು? ಯಂತ್ರ ಅರ್ಧಕ್ಕೇ ಆರಿಹೋಗುತ್ತಿತ್ತು. ಹೆಣ್ಣಿನ ಕಡೆಯವರು ಫೋನಿನಲ್ಲಿ ಬೈಯುತ್ತಿದ್ದರು.

ಅದಕ್ಕೆ ಚಂದ್ರಲೇಖಾ. ಬೆಳಿಗ್ಗೆ ಪೇಂಟ್ ಹಚ್ಚುವ ಸಣ್ಣ ಬ್ರಷ್ ಹಿಡಿದು, ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು, ಬೆರಳಿನಿಂದ ಸಂದಿ ಹುಡುಕಿ ಹುಡುಕಿ ಹಿಟ್ಟು ತೆಗೆಯುತ್ತಿದ್ದಳು. ವಾಸು ಹೋದ ಮೇಲೆ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಮಿಲ್ಲು ಅಷ್ಟು ಗಲಾಟೆ ಮಾಡುವಾಗಲೂ ಫ್ಯಾನಿನ ಸದ್ದು ಅವಳ ಕಿವಿಗೆ ಬೇರೆಯೇ. ಹದವಾಗಿ ಗುಂಯ್‌ಗುಟ್ಟಿದರೆ ಕೆಲಸ ನಡೆದಿದೆ. ಗಂಟಲು ಕೀರಲಾದರೆ ಕಾವು ಏರಿದೆ. ಎದ್ದು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸುತ್ತಿದ್ದಳು. ತಾನು ಬೆವರಲ್ಲಿ ನೆನೆಯುತ್ತಿದ್ದಳು, ಅದು ಬೇರೆ ಮಾತು. ಸದ್ದು ಮೆತ್ತಗೆ ಇಳಿದರೆ ಮುಗಿಯಿತು ಅಂತ. ಆಗ ವಾಸುವಿಗೆ ಫೋನು: "ಆಯ್ತು ಕಣ್ರೀ, ಹೆಣ್ಣು ಗಂಡನ ಮನೆಗೆ ಹೋಗ್ಬುಟ್ಲು." ಅವನು ಆ ಕಡೆಯಿಂದ ನಗುತ್ತಿದ್ದ.

ಇದು ಅವಳ ಎರಡನೇ ಕೆಲಸ. ಮೊದಲನೆಯದು ಹೊಸೂರಿನಲ್ಲಿ, ಲೋಹಕ್ಕೆ ಹೊಳಪಿನ ಲೇಪ ಹಾಕುವ ಒಂದು ಪ್ಲೇಟಿಂಗ್ ಕಾರ್ಖಾನೆಯಲ್ಲಿ. ಅಲ್ಲಿ ಆಸಿಡ್ ಹಾರದಂತೆ ಕಣ್ಣಿಗೆ ಹಾಕುವ ಕನ್ನಡಕಗಳು ಇದ್ದವು, ಬೀರುವಿನಲ್ಲಿ. ದೊಡ್ಡವರು ನೋಡಲು ಬರುವ ದಿನ ಹೊರಗೆ ಬರುತ್ತಿದ್ದವು, ಅವರ ಕಾರು ಗೇಟು ದಾಟಿದ ಮೇಲೆ ವಾಪಸ್ಸು ಹೋಗುತ್ತಿದ್ದವು. ಆಸಿಡ್ ಹಾರಿದ್ದು ದೊಡ್ಡವರು ಬರದ ದಿನ. ಈಕೆ ನಮ್ಮ ಆಳಲ್ಲ, ಕಾಂಟ್ರಾಕ್ಟಿನವಳು ಅಂತ ಕಂಪನಿ ಅಂದಿತು. ಕಾಂಟ್ರಾಕ್ಟರು ಫೋನು ತೆಗೆಯಲಿಲ್ಲ. ಅವಳು ಮಾಡಿದ ಕೆಲಸ ಕಂಪನಿಯದು, ಹೋದ ಕಣ್ಣು ಮಾತ್ರ ಅವಳದು. ಇಂಥ ಲೆಕ್ಕ ನಮ್ಮ ಕಡೆ ಯಾವ ಕಾರ್ಖಾನೆಯಲ್ಲೂ ತಪ್ಪುವುದಿಲ್ಲ.

ಹಾಗೆ ಮೂಲೆಗೆ ಬಿದ್ದವಳನ್ನು ಎಬ್ಬಿಸಿ ಕೂರಿಸಿದ್ದು ಆ ಫ್ಯಾನು. ಮನೆಯ ಅನ್ನದಲ್ಲಿ ತನ್ನದೂ ಒಂದು ಪಾಲು ದುಡಿಮೆ ಇದೆ ಅನ್ನುವುದು ಅವಳಿಗೆ ಆ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಮಾತು ಅಂತ ಅನಿಸಿರಲಿಲ್ಲ.

ಎಡವಟ್ಟಾದದ್ದು ಗುಮ್ಮಳಾಪುರದಲ್ಲಿ ಅವಳ ಅಣ್ಣ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡಾಗ. ಅಲ್ಲಿಗೆ ಹೋದರೆ ನೆಂಟರೆಲ್ಲ ಸರದಿಯಂತೆ ಬಂದು ಗಲ್ಲ ಹಿಡಿದು ಅಳುತ್ತಾರೆ. ಆರತಿ ತಟ್ಟೆ ಹಿಡಿಯಲು ಮಾತ್ರ ಯಾರೂ ಕರೆಯುವುದಿಲ್ಲ. ಅವಳು ಏನೋ ಒಂದು ನೆವ ಹೇಳಿದಳು.

"ನಾನು ಬರಕ್ಕಾಗಲ್ಲ ಕಣ್ರೀ. ದಿನಾ ಆ ಫ್ಯಾನ್ ಸದ್ದು ಕೇಳಿ ಕೇಳಿ ತಲೆ ಸಿಡೀತದೆ."

ವಾಸು ಒಳ್ಳೆಯವನು. ತೊಂದರೆ ಆದದ್ದೇ ಅದರಿಂದ. ನೆವವನ್ನು ಅವನು ನಿಜವೆಂದೇ ನಂಬಿದ. ಕಣ್ಣಿಲ್ಲದವಳನ್ನು ಆ ಗದ್ದಲದಲ್ಲಿ ಕೂರಿಸಿದೆನಲ್ಲಾ ಅಂತ ಒಳಗೇ ಬೆಂದ. ಮದುವೆ ಸೀಸನ್ ಮುಗಿದದ್ದೇ ಅವಳನ್ನು ಬಸ್ಸಿಗೆ ಹತ್ತಿಸಿ ಹೊಸೂರಿಗೆ ಕರೆದುಕೊಂಡು ಹೋದ. ಎಲ್ಲಿಗೆ ಅಂತ ಹೇಳಲಿಲ್ಲ. ಯಂತ್ರದ ಪೆಟ್ಟಿಗೆ ಅವನ ತೊಡೆಯ ಮೇಲಿತ್ತು.

ಕಂಪ್ಯೂಟರ್ ಅಂಗಡಿಯ ವೇಣುವಿನ ಬಾಯಲ್ಲಿ ಮೂರು ಭಾಷೆ ಒಟ್ಟಿಗೆ ಹೊರಳುತ್ತಿದ್ದವು. "ಅಣ್ಣಾ, ಎರಡು ದಾರಿ ಐತೆ. ಈಗಿರೋ ಹಂಗೆ ಫ್ಯಾನಿನ ಏರ್ ಕೂಲರ್ರೇ ಬೇಕು ಅಂದ್ರೆ ಇನ್ನೂ ದೊಡ್ಡದು ಕೊಡ್ತೀನಿ. ಗಟ್ಟಿ ಸಾಮಾನು, ಕೆಟ್ರೆ ಫ್ಯಾನ್ ಬದಲಾಯಿಸ್ಕೊಂಡ್ರೆ ಆಯ್ತು. ಆದ್ರೆ ಧೂಳು ತೆಗೀತಾನೇ ಇರ್ಬೇಕು, ಸದ್ದೂ ಇರ್ತದೆ. ಲಿಕ್ವಿಡ್ ಹಾಕ್ಸಿದ್ರೆ ಪೈಪಲ್ಲಿ ನೀರು ಓಡಾಡ್ಕೊಂಡು ಬಿಸೀನ ಎಳ್ಕೊಂಡು ಹೋಗ್ತದೆ. ಕಾವು ಎಷ್ಟೈತೆ ಅಂತ ನಿನ್ ಫೋನಲ್ಲೇ ನೋಡ್ಬೋದು. ಸತ್ತಮೇ ವರಾದು! ಒಂಚೂರೂ ಸದ್ದು ಬರಲ್ಲ ಅಂತೀನಿ."

"ಸದ್ದೇ ಬರಲ್ವಾ?" ಅಂತ ಕೇಳಿದಳು ಚಂದ್ರಲೇಖಾ.

"ನೀನು ಪಕ್ಕದಲ್ಲೇ ಮಲಗಿದ್ರೂ ಗೊತ್ತಾಗಲ್ಲಕ್ಕಾ."

"ಅಂಗಾದ್ರೆ ಬ್ಯಾಡ. ಫ್ಯಾನಿಂದೇ ಇರ್ಲಿ ಬಿಡಿ."

ವಾಸು ನಕ್ಕ. "ನೋಡ್ಲಾ ವೇಣು, ಗಂಡನ ಜೇಬು ಕಾಯೋದು ನೋಡು." ಅವಳ ಹೆಗಲ ಮೇಲೆ ಕೈಯಿಟ್ಟು, "ಸುಮ್ನಿರೇ. ನಿನ್ಗೋಸ್ಕರನೇ ಕಣೇ ಇದು. ಇನ್ಮೇಲೆ ನಿನ್ಗೆ ತಲೆನೋವೇ ಇರಲ್ಲ" ಅಂದ.

ಹೇಳಬೇಕಾದ್ದು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ತಲೆನೋವು ಸುಳ್ಳು ಅಂದರೆ ಗೃಹಪ್ರವೇಶದ ಮಾತು ಏಳುತ್ತದೆ, ತವರಿನ ಮರ್ಯಾದೆ ಬೀದಿಗೆ ಬೀಳುತ್ತದೆ, ಅದೂ ಪರರ ಅಂಗಡಿಯಲ್ಲಿ. ನುಂಗಿಕೊಂಡಳು. ಅಲ್ಲಿದ್ದ ಇಬ್ಬರೂ ಯಂತ್ರಕ್ಕೆ ಏನು ಬೇಕು ಅಂತ ಗಂಟೆಗಟ್ಟಲೆ ವಿಚಾರಿಸಿದರು. ಅದರ ಪಕ್ಕ ಕೂರುವವಳಿಗೆ ಏನು ಬೇಕು ಅನ್ನುವುದು ಮಾತ್ರ ಅವರಿಗೆ ಆಗಲೇ ಗೊತ್ತಿತ್ತು. ಕೈಕಾಲು, ಕಣ್ಣು ಹೋದವರ ವಿಷಯದಲ್ಲಿ ನಾವೆಲ್ಲ ಹೀಗೇ. ಕೇಳದೆಯೇ ನಮಗೆ ಎಲ್ಲ ಗೊತ್ತು.

ಹೊಸದು ಮನೆಗೆ ಬಂತು. ವೇಣು ಹೇಳಿದ್ದು ನಿಜವೇ. ಅಷ್ಟಿಷ್ಟು ಗಾಳಿಯ ಸದ್ದಿದ್ದರೂ ಅದು ಮಿಲ್ಲಿನ ಸದ್ದಿನಲ್ಲಿ ಕರಗಿಹೋಗುತ್ತಿತ್ತು. ವಾಸು ಕೆಲಸ ಹಚ್ಚಿ ಹೋದ. ಚಂದ್ರಲೇಖಾ ಎಂದಿನ ಹಾಗೆ ಪಕ್ಕದಲ್ಲಿ ಕೂತು ಕಿವಿಯಿಟ್ಟಳು. ಏನೂ ಇಲ್ಲ. ಯಂತ್ರ ದುಡಿಯುತ್ತಿದೆಯೋ ಸತ್ತಿದೆಯೋ ತಿಳಿಯಲಿಲ್ಲ. ಗಾಬರಿಯಾಗಿ ಫೋನು ಮಾಡಿದಳು.

"ಅದು ಓಡ್ತೈತೆ ಕಣೇ, ನನ್ಗೆ ಇಲ್ಲೇ ಕಾಣ್ತದೆ. ನೀನ್ಯಾಕೆ ತಲೆ ಕೆಡಿಸ್ಕೊಂತೀಯ? ಆರಾಮಾಗಿ ಮಲಿಕ್ಕೋ."

ಅವಳು ಮಲಗಲಿಲ್ಲ. ಇನ್ನೊಂದು ದಿನ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿದಳು. ಫ್ಯಾನಿದ್ದ ಕಡೆ ದುಂಡನೆಯ ಬಿಲ್ಲೆ, ಅದರಿಂದ ಎರಡು ದಪ್ಪ ರಬ್ಬರ್ ಪೈಪು. ಒಂದನ್ನು ಮೆಲ್ಲಗೆ ಹಿಡಿದಳು. ಅದು ನಡುಗುತ್ತಿತ್ತು! ಬಲು ಸಣ್ಣಗೆ, ಕರುವಿನ ಕತ್ತಿನ ನಾಡಿಯ ಹಾಗೆ. ಬೆರಳಿಗೆ ಕಾವೂ ತಿಳಿಯಿತು. ಹಾಗಾದರೆ ಇದನ್ನೂ ಕಾಯಬಹುದು. ಕಿವಿ ಬೇಡವಾದರೆ ಬೆರಳಿದೆ. ಅವಳಿಗೆ ನಗು ಬಂತು. ಅಂದಿನಿಂದ ವಾಸು ಆ ಕಡೆ ಹೋಗುವುದೇ ತಡ, ಪೈಪು ಹಿಡಿದು ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಮರೆತುಹೋದ ಬ್ಯಾಟರಿಗೆಂದು ಅರ್ಧ ದಾರಿಯಿಂದ ವಾಪಸ್ಸು ಬಂದ.

"ಅಯ್ಯೋ! ಬಿಡೇ ಅದ್ನ! ಪೈಪ್ ಸಡ್ಲ ಆಗಿ ನೀರು ಸೋರಿದ್ರೆ ಎಲ್ಲಾ ಸುಟ್ಟೋಗ್ತದೆ, ನಿನ್ಗೂ ಕರೆಂಟ್ ಹೊಡೀತದೆ!"

"ಮೆತ್ತಗೇ ಹಿಡ್ಕೊಂಡಿವ್ನಿ ಕಣ್ರೀ. ನಡುಗ್ತದೆ, ಗೊತ್ತಾಗ್ತದೆ ನನ್ಗೆ..."

"ಏನು ಗೊತ್ತಾಗ್ಬೇಕು ನಿನ್ಗೆ? ಫೋನ್ ಐತಲ್ಲ ಅದಕ್ಕೆ!"

ಆಗ ಅವಳು ಹೇಳಿಯೇಬಿಟ್ಟಳು. "ನನ್ಗೆ ತಲೆನೋವು ಇರ್ಲೇ ಇಲ್ಲ. ಆ ಹಳೇ ಫ್ಯಾನೇ ಹಾಕ್ಕೊಡಿ."

ವಾಸು ಅವಳ ಕೈಯನ್ನು ಪೈಪಿನಿಂದ ಬಿಡಿಸಿದ. ಆಮೇಲೆ, "ದುಡ್ಡು ಖರ್ಚಾಯ್ತು ಅಂತ ಹಿಂಗಂತೀಯ. ನನ್ಗೆ ಗೊತ್ತಿಲ್ವಾ ನಿನ್ ಬುದ್ಧಿ" ಅಂದ. ದನಿ ಮೆತ್ತಗಿತ್ತು. ಹೆಂಡತಿಯ ತ್ಯಾಗಕ್ಕೆ ಅವನ ಎದೆ ತುಂಬಿ ಬಂದಿತ್ತು. ಪೆಟ್ಟಿಗೆ ಎತ್ತಿ, ಅವಳ ಕೈಗೆ ಎಟುಕದ ಹಾಗೆ ಸಜ್ಜದ ಮೇಲಿಟ್ಟು, ಮುಚ್ಚಳಕ್ಕೆ ತಿರುಪು ಬಿಗಿದ. ಕೆಳಗೆ ಅವಳು ತಲೆಯೆತ್ತಿ ನಿಂತಿದ್ದಳು.

ಈಗ ಅವಳು ಜಗಲಿಯ ಮೇಲೆ ಕೂರುತ್ತಾಳೆ. ಅಲ್ಲಿಗೆ ಮಿಲ್ಲಿನ ಸದ್ದು ನೇರವಾಗಿ ಬರುತ್ತದೆ. ಮೊನ್ನೆ ಅಲ್ಲಿಂದಲೇ ಎದ್ದು ನಿಂತು ಕೂಗಿದಳು:

"ಶ್ಯಾಮಲಕ್ಕಾ, ನಿಮ್ ಮಿಷನ್ ಬೆಲ್ಟು ಸಡ್ಲ ಆಗೈತೆ ಅನ್ಸುತ್ತೆ. ಸದ್ದು ಬೇರೆ ಬತ್ತೈತೆ. ಬೇಕಾದ್ರೆ ನಾನು ಒಳಿಕ್ಕೆ ಬಂದು ಕೂತ್ಕೊಂಡು ದಿನಾ ಕೇಳಿ ಹೇಳ್ತೀನಿ."

"ಅಯ್ಯೋ ನನ್ ತಾಯಿ," ಅಂದಳು ಶ್ಯಾಮಲಮ್ಮ, ಹಿಟ್ಟಿನ ಕೈ ಕೊಡವುತ್ತಾ, "ಆ ಧೂಳಲ್ಲಿ ನಿನ್ಗ್ಯಾಕವ್ವಾ ಕಷ್ಟ? ನೆಳ್ಳಲ್ಲಿ ತಣ್ಣಗೆ ಕೂತ್ಕೋ."

ಚಂದ್ರಲೇಖಾ ಕೂತಳು.