ಕಾಳಿಲ್ಲದ ಬೀಸುಕಲ್ಲು

ಮೂರು ವರ್ಷದ ಹಿಂದಿನ ಮಾತು, ನನಗಾಗ ಎಪ್ಪತ್ತೊಂದು. ತೀರಿಹೋದ ನನ್ನ ತಂಗಿ ಕಂಪ್ಯೂಟರಿನಲ್ಲಿ ಜೋಳ ಬೀಸುತ್ತಿದ್ದಳು. ಅವಳ ಮಗಳು ಗಿರಿಜಾ ಸಂಶಿಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಾಳೆ. ಅವ್ವನ ವರ್ಷದ ತಿಥಿಗೆಂದು ಹಳೆಯ ವಿಡಿಯೊ ಸರಿಪಡಿಸಿದ್ದಳು. ಅದರಲ್ಲಿ ದನಿ ಹೋಗಿತ್ತು. ಎಡಿಟಿಂಗ್ ಮಾಡುವವರಿಗೆ ನೆಟ್‌ನಲ್ಲಿ ಎಲ್ಲ ಸಪ್ಪಳವೂ ಪುಕ್ಕಟೆ ಸಿಗುತ್ತದಂತೆ. ಬೀಸುವ ಸಪ್ಪಳವನ್ನು ಅಲ್ಲಿಂದಲೇ ತಂದು ಹಚ್ಚಿದ್ದಳು.

“ಹುಚ್ಚಿ, ಇದು ಬರೇ ಕಲ್ಲು ತಿರುವಿದ ಸಪ್ಪಳ. ಒಳಗ ಒಂದು ಕಾಳೂ ಇಲ್ಲ,” ಎಂದೆ.

“ಅವ್ವನ ಸಪ್ಪಳ ನಾ ಎಲ್ಲಿಂದ ತರ್ಲಿ ದೊಡ್ಡವ್ವಾ?” ಎಂದವಳು ಅಳತೊಡಗಿದಳು. ನನಗೆ ಸಮಾಧಾನ ಹೇಳಲು ಬರುವುದಿಲ್ಲ.

ಮರುದಿನ ಮುಂಜಾನೆ ಬೀಸುಕಲ್ಲು ಒರೆಸಿ ಜೋಳ ಹಾಕಿದೆ. ಗಿರಿಜಾ ರೆಕಾರ್ಡ್ ಮಾಡಲು ಮೊಬೈಲು ಹಿಡಿದಳು. ನನ್ನದು ಜೋರು ಕೈ, ತಂಗಿಯದು ನಿಧಾನ. ಕಂಪ್ಯೂಟರಿನಲ್ಲಿ ಅವಳ ಕೈ ನೋಡುತ್ತ ಅವಳಷ್ಟೇ ನಿಧಾನವಾಗಿ ಬೀಸಿದೆ.