ಉದ್ದ ಹಾವಿನ ಬಾಯಲ್ಲಿ

ಕಾರವಾರದ ನರ್ಸಿಂಗ್ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಹುಡುಗಿಯರಿಗೆ ಓದು ಬೇಸರವಾಗದಿರಲೆಂದು ಹಬ್ಬುವಾಡದ ಮನೆಯಲ್ಲಿ ಕುಳಿತು ದೊಡ್ಡ ರಟ್ಟಿನ ಮೇಲೆ ಹಾವು ಏಣಿ ಆಟ ಬರೆದೆ. ವಾರ್ಡಿನಲ್ಲಿ ಮಾಡುವ ಒಳ್ಳೆಯ ಕೆಲಸಕ್ಕೆ ಏಣಿ, ತಪ್ಪಿಗೆ ಹಾವು. ಎಲ್ಲಕ್ಕಿಂತ ಉದ್ದದ ಹಾವಿನ ಬಾಯಲ್ಲಿ, ‘ರಕ್ತ ತೆಗೆಯಲು ಅಜ್ಜಿಯ ತೋಳಿಗೆ ಬಿಗಿದ ರಬ್ಬರ್ ಪಟ್ಟಿಯನ್ನು ಆಮೇಲೆ ಬಿಚ್ಚಲು ಮರೆತಳು’ ಎಂದಿತ್ತು.

ತರಗತಿಯಲ್ಲಿ ಒಬ್ಬಳು ಅದನ್ನು ಗಟ್ಟಿಯಾಗಿ ಓದಿ, “ಯಾರೇ ಈ ಮರೆಗುಳಿ?” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಟ ಮುಗಿದ ಮೇಲೆ ಕೇಣಿಯಿಂದ ಬರುವ ಹುಡುಗಿ ಒಬ್ಬಳೇ ಉಳಿದಳು.

“ಮೇಡಂ, ಅದ್ನ ನಿಮ್ಮ ಹತ್ರ ಮಾತ್ರ ಹೇಳಿದ್ದಾಗಿತ್ತು.”

ಹೌದು, ಹಿಂದಿನ ತಿಂಗಳು ಅಳುತ್ತ ಬಂದು ಹೇಳಿದ್ದಳು. ಯಾರಿಗೂ ಹೇಳುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೆ.

“ನಿನ್ನ ಹೆಸ್ರು ಹಾಕ್ಲಿಲ್ವಲ್ಲೇ,” ಎಂದೆ. ಹೇಳುತ್ತಿರುವಾಗಲೇ ನನ್ನ ಮುಖ ಬಿಸಿಯಾಯಿತು.

“ಹಾಕ್ಲಿಲ್ಲ ಮೇಡಂ. ಆದ್ರೆ ಅವ್ರ ಸಂಗ್ಡ ನಾನೂ ನಗ್ಬೇಕಾಯ್ತು.”

ಅವಳ ಕ್ಷಮೆ ಕೇಳಿದೆ. ಆ ಸಾಲಿನ ಮೇಲೆ ಕಾಗದ ಅಂಟಿಸಿ, ನರ್ಸ್ ಕೆಲಸಕ್ಕೆ ಸೇರಿದ ವರ್ಷ ನಾನೇ ಮಾಡಿದ ತಪ್ಪೊಂದನ್ನು ಬರೆದೆ. ಈಗ ಹುಡುಗಿಯರು ಅದನ್ನು ಓದಿ ನಗುತ್ತಾರೆ, ಯಾರು ಮಾಡಿದ್ದೆಂದು ಕೇಳುತ್ತಾರೆ. ನಾನೇ ಎನ್ನಲು ಇಂದಿಗೂ ನನಗೆ ಬಾಯಿ ಬಂದಿಲ್ಲ.