ನಡುಗುವ ಮಷೀನಿಗೆ ಅಕ್ಕನ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವರ್ಕ್‌ಶಾಪಿನ ಶಟರ್ ಅರ್ಧಕ್ಕೆ ಎದ್ದಿದೆ; ಒಳಗೆ ಮಿಲ್ಲಿಂಗ್ ಮಷೀನೊಂದು ಗಡಗಡ ನಡುಗುತ್ತಿದೆ. ಅದರ ಮುಂದೆ ನಿಂತ ಕುಳ್ಳನೆಯ ಹೆಂಗಸು ಸ್ಪ್ಯಾನರ್ ಮುಟ್ಟುವುದೇ ಇಲ್ಲ. ಮಷೀನು ನಿಲ್ಲಿಸಿ, ಒಂದು ಚಿಟಿಕೆ ಕಬ್ಬಿಣದ ಚೂರು ಅಂಗೈ ಮೇಲೆ ಹರಡಿಕೊಂಡು ನೋಡುತ್ತಾರೆ.

"ಸ್ಪೀಡು ಜಾಸ್ತಿ ಇಟ್ರೆ ಚೂರು ಸುಟ್ಟು ನೀಲಿ ಆಗುತ್ತೆ. ಇದು ಬೆಳ್ಳಗಿದೆ. ಸ್ಪೀಡಿಂದು ತಪ್ಪಲ್ಲ," ಎನ್ನುತ್ತಾರೆ.

ಸುತ್ತಲಿನ ವರ್ಕ್‌ಶಾಪುಗಳಿಗೆಲ್ಲ ಇವರು 'ಮಿಲ್ಲಿಂಗ್ ಅಕ್ಕ'. ಹೆಸರು ಕೇಳಿ ಹಿಟ್ಟಿನ ಗಿರಣಿ ರಿಪೇರಿಗೆ ಕರೆಯಲು ಬಂದ ಪುಣ್ಯಾತ್ಮರೂ ಉಂಟು. ಇದು ಬೀಸುವ ಯಂತ್ರವಲ್ಲ. ಟೇಬಲ್ ಮೇಲೆ ಬಿಗಿದ ಕಬ್ಬಿಣವನ್ನು ಗಿರಗಿರ ತಿರುಗುವ ಕಟರ್‌ನಿಂದ ಕೂದಲೆಳೆಯ ಲೆಕ್ಕದಲ್ಲಿ ಕೆರೆಯುವ ಯಂತ್ರ. ಅದು ನಡುಗಿದರೆ ಕೆರೆದ ಮೈಯೆಲ್ಲ ಅಲೆ ಅಲೆ, ಮಾಡಿದ ಕೆಲಸವೆಲ್ಲ ನೀರುಪಾಲು.

ಕಬ್ಬಿಣ ಬಿಗಿಯಾಗಿ ಕೂತಿದೆಯೇ, ಕಟರ್ ಅತಿಯಾಗಿ ಉದ್ದಕ್ಕೆ ಚಾಚಿಕೊಂಡಿದೆಯೇ ಎಂದು ಅಕ್ಕ ನೋಡುತ್ತಾರೆ. ಆಮೇಲೆ ಹ್ಯಾಂಡಲ್ ಸರದಿ. ಅದು ತುಸು ತಿರುಗಿದರೂ ಟೇಬಲ್ ಕದಲದಿದ್ದರೆ ಸ್ಕ್ರೂ ಸವೆದು 'ಪ್ಲೇ', ಅಂದರೆ ಸಡಿಲ, ಬಂದಿದೆ ಎಂದರ್ಥ. ಕೊನೆಗೆ ಟೇಬಲನ್ನೇ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾರೆ. ಇವತ್ತು ಅದು ಸಡಿಲ ಹಲ್ಲಿನಂತೆ ಅಲುಗುತ್ತದೆ. ಟೇಬಲನ್ನು ಪಕ್ಕದಿಂದ ಹಿಡಿದಿಡುವ 'ಜಿಬ್' ಎಂಬ ಪಟ್ಟಿ ಸಡಿಲಾಗಿದೆ.

"ತುಂಬ ಸಲ ಇಷ್ಟೇ ಇರುತ್ತೆ. ಇವ್ರು ಬೇರಿಂಗೇ ಹೋಯ್ತು ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂತಿರ್ತಾರೆ."

ಅಕ್ಕ ಮೊದಲಿನಿಂದ ರಿಪೇರಿಯವರಲ್ಲ. ದೊಡ್ಡ ಕಾರ್ಖಾನೆಯೊಂದರಲ್ಲಿ ಆಪರೇಟರ್ ಆಗಿದ್ದವರು. ಮದುವೆಗೆ ಮುಂಚೆ ಸೇರಿ, ಮಗಳು ಕಾಲೇಜು ಮೆಟ್ಟಿಲು ಹತ್ತುವವರೆಗೂ ಒಂದೇ ಮಷೀನಿನ ಮುಂದೆ ನಿಂತವರು. ಕಾರ್ಖಾನೆ ಮುಚ್ಚಿತು, ಮಷೀನುಗಳು ಹರಾಜಾಗಿ ದಿಕ್ಕಾಪಾಲಾದವು. ಕೆಲಸ ಕೇಳಲು ಹೋದಲ್ಲೆಲ್ಲ ಹೆಂಗಸೆಂದು ಬಾಗಿಲಲ್ಲೇ ಸಾಗಹಾಕಿದರು. "ಓಡ್ಸೋಕೆ ಬೇಡ ಅಂದೋರೇ, ಮಷೀನು ನಿಂತ್ಹೋದಾಗ ಹುಡುಕ್ಕೊಂಡ್ ಬಂದ್ರು," ಎಂದು ನಗುತ್ತಾರೆ. ಈಗ ದಿನಕ್ಕೆ ಮೂರು ನಾಲ್ಕು ಕರೆ, ಕೆಲವು ದಿನ ಒಂದೂ ಇಲ್ಲ.

"ಊರ ಮಷೀನಿಗೆಲ್ಲ ಇವ್ಳೇ ಡಾಕ್ಟ್ರು. ನನ್ನ ಹೊಲಿಗೆ ಮಷೀನು ಮಾತ್ರ ಕುಯ್ಯೋ ಅಂತಾನೇ ಇದೆ," ಎಂದು ದರ್ಜಿ ಗಂಡ ಕಾಲೆಳೆಯುತ್ತಾರೆ.

ಹೆಂಡತಿ ಹೋದ ಹೋದ ಕಡೆ ಏನನ್ನು ಹುಡುಕುತ್ತಿದ್ದಳೆಂಬುದು ಅವರಿಗೂ ಗೊತ್ತು. ಹೊಸ ವರ್ಕ್‌ಶಾಪಿಗೆ ಕಾಲಿಟ್ಟರೆ ಅಕ್ಕನ ಕಣ್ಣು ಮೊದಲು ಮಷೀನುಗಳ ನೆತ್ತಿಗೇ ಹೋಗುತ್ತಿತ್ತು. ಅವರ ಹಳೆಯ ಮಷೀನಿನ ನೆತ್ತಿಯ ಬ್ರೇಕ್ ಹಿಡಿ ಕೈಗೆಟುಕದೆಂದು ಕಾರ್ಖಾನೆಯ ವೆಲ್ಡರ್ ಅದಕ್ಕೊಂದು ಗೇಣುದ್ದದ ಸರಳು ಬೆಸೆದುಕೊಟ್ಟಿದ್ದ. ಕಳೆದ ತಿಂಗಳು ಅದೇ ಸರಳು ಇಲ್ಲಿ, ಇದೇ ಮಷೀನಿನ ಮೇಲೆ ಕಾಣಿಸಿತು. ಮಷೀನಿನ ಹಸಿರು ಬಣ್ಣ ಹೋಗಿ ನೀಲಿ ಬಂದಿತ್ತು, ಅಷ್ಟೇ.

"ತಲೆಗೆ ಬಡಿಯುತ್ತೆ ಅಕ್ಕಾ, ಯಾವನೋ ಕುಳ್ಳಪ್ಪ ಮಾಡ್ಸಿರ್ಬೇಕು," ಎಂದು ಇಲ್ಲಿನ ಉದ್ದನೆಯ ಆಪರೇಟರ್ ಅಂದು ಗೊಣಗಿದ್ದ. ಕುಳ್ಳಪ್ಪ ಯಾರೆಂದು ಅಕ್ಕ ಬಾಯಿಬಿಡಲಿಲ್ಲ. ಮನೆಗೆ ಹೋಗಿ ಮನಸಾರೆ ಅತ್ತರು.

ಮತ್ತೆ ಇಲ್ಲಿಂದಲೇ ಕರೆ ಬಂದಾಗ ನಸುಕಿನಲ್ಲೇ ಓಡಿ ಬಂದಿದ್ದು ಅದಕ್ಕೇ. ಪಟ್ಟಿ ಬಿಗಿದು, ಎಣ್ಣೆ ಹಾಕಿ, ಒಂದು ಪದರ ಕೆರೆದು ನೋಡುತ್ತಾರೆ. ನಡುಕವಿಲ್ಲ, ಕಬ್ಬಿಣದ ಮೈ ನುಣ್ಣಗೆ ಹೊಳೆಯುತ್ತದೆ. ಹ್ಯಾಂಡಲ್ ಮೇಲಿನ ಕೈ ತೆಗೆಯಲು ಮನಸ್ಸಾಗುವುದಿಲ್ಲ.

"ಇನ್ನು ನಿಮ್ಮನ್ನ ಕರೆಯೋ ಕೆಲಸಾನೇ ಇಲ್ಲ ಬಿಡಿ ಅಕ್ಕಾ," ಎಂದು ಮಾಲೀಕರು ಹೊಗಳುತ್ತಾರೆ. ಅಕ್ಕನ ಮುಖ ಬಾಡುತ್ತದೆ.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ನಿಲ್ಲುತ್ತಾರೆ. "ಒಂದೇ ಒಂದು ಶಿಫ್ಟು ಅದರ ಮುಂದೆ ನಿಲ್ಬೇಕು ಅಂತಾಸೆ. ರಿಪೇರಿಗಲ್ಲ, ಕೆಲ್ಸಕ್ಕೆ. ಕೇಳೋಕೆ ಬಾಯಿ ಬರ್ಲಿಲ್ಲ."

ಪಟ್ಟಿ ತುಸು ಸಡಿಲ ಬಿಟ್ಟಿದ್ದರೆ ಮತ್ತೆ ಕರೆಯುತ್ತಿದ್ದರಲ್ಲವೇ ಎಂದರೆ ತಲೆ ತಗ್ಗಿಸುತ್ತಾರೆ.

"ಸುಳ್ಳು ಯಾಕೆ ಹೇಳ್ಲಿ, ಮಾಲೀಕ್ರು ನೋಡೋಕ್ ಮುಂಚೆ ಒಂದ್ಸಲ ಸಡಿಲ ಮಾಡಿಯೂ ಇದ್ದೆ. ಮತ್ತೆ ನಡುಗೋಕೆ ಶುರು ಮಾಡ್ತು. ಅದನ್ನ ಹಾಗೆ ಬಿಟ್ಟು ಬರೋಕಾಗ್ಲಿಲ್ಲ ನನ್ ಕೈಲಿ. ಬಿಗಿದ್ಬಿಟ್ಟೆ."